ಒಂದೇ ಗುಮ್ಮಟದಡಿ ಎಲ್ಲವೂ ಹಿಡಿಸೀತೆ?

ವಿಜಯಪುರ ಜಿಲ್ಲೆಯ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳಿಗೆ ಸೇರಿ ಒಂದು ಬೃಹತ್ ಗುಮ್ಮಟದ ಕ್ರೀಡಾಂಗಣ ಕಟ್ಟಿದರೆ ಆಟ, ಸಮಾವೇಶ, ಸಂಗೀತ ಎಲ್ಲಕ್ಕೂ ವರ್ಷವಿಡೀ ನೆಲೆ ಸಿಗುತ್ತದೆ ಎಂಬುದು ಈಚೆಗೆ ಅಚ್ಚಾದ ವಾದ. ಬಿಸಿಲಿನ ಕಷ್ಟವನ್ನು ಅದು ಸರಿಯಾಗಿಯೇ ಗುರುತಿಸಿದೆ. ಎಡವಿದ್ದು ಪರಿಹಾರದಲ್ಲಿ.

ಇಂಥ ಕಟ್ಟಡಗಳ ಮಾದರಿ 1965ರ ಹ್ಯೂಸ್ಟನ್ ಆಸ್ಟ್ರೋಡೋಮ್. ಅದರ ಪಾರದರ್ಶಕ ಚಾವಣಿಯ ಪ್ರಖರ ಬೆಳಕಿನಲ್ಲಿ ಆಟಗಾರರಿಗೆ ಮೇಲೆ ಹಾರಿದ ಚೆಂಡೇ ಕಾಣಲಿಲ್ಲ. ಚಾವಣಿಯ ಫಲಕಗಳಿಗೆ ಬಣ್ಣ ಬಳಿದರು, ಬೆಳಕು ಸಾಲದೆ ಹುಲ್ಲು ಸತ್ತಿತು. ಮರುವರ್ಷ ಕೃತಕ ಹುಲ್ಲು ಹಾಸಬೇಕಾಯಿತು. 2000ದಲ್ಲಿ ಬೇಸ್‌ಬಾಲ್ ತಂಡವೇ ಬೇರೆ ಮೈದಾನಕ್ಕೆ ಹೋಯಿತು. ಇಂಥದೇ ಗುಮ್ಮಟವಾದ ಸಿಯಾಟಲ್‌ನ ಕಿಂಗ್‌ಡೋಮ್ 1976ರಲ್ಲಿ ತೆರೆದು 2000ದಲ್ಲಿ ನೆಲಸಮವಾಯಿತು.

ಸಂಗೀತಕ್ಕೂ ಗುಮ್ಮಟವೇ? ವಿಜಯಪುರದಲ್ಲಿ ಗೋಳಗುಮ್ಮಟ ಇದೆಯಲ್ಲ! ಪಿಸುಮಾತೂ ಮತ್ತೆ ಮತ್ತೆ ಮರುದನಿಸುವ ಆ ಗ್ಯಾಲರಿಯಲ್ಲಿ ಒಂದು ಭಾಷಣ ಮಾಡಿ ನೋಡಬಹುದು. ಬಾಗಿದ ಚಾವಣಿಯ ದನಿ ಅಡಗಿಸಲು ಒಳಗೆಲ್ಲ ಹೊದಿಕೆ ಹಾಕಬೇಕು. ಆ ಖರ್ಚು ಬೇರೆ.

ಕುಸ್ತಿಗೆ ಕೆಮ್ಮಣ್ಣಿನ ಅಖಾಡ ಸಾಕು, ಕಬಡ್ಡಿಗೆ ಸಣ್ಣ ಅಂಕಣ. ಜಿಲ್ಲೆಯ ಹೆಮ್ಮೆಯ ಸೈಕ್ಲಿಂಗ್ ಬೆಳೆದದ್ದು ಬಯಲಿನ ರಸ್ತೆಗಳಲ್ಲಿ. ಮಳೆ ಕಡಿಮೆಯ ಈ ಸೀಮೆಯಲ್ಲಿ ಬೇಕಾದದ್ದು ನೆರಳು, ಗಾಳಿ. ಮುಚ್ಚಿದ ಗುಮ್ಮಟವಾದರೋ ಹಗಲಿಡೀ ಎಸಿ ಬೇಡುತ್ತದೆ. ನಾಲ್ಕೂ ಊರುಗಳಲ್ಲಿ ಬದಿ ತೆರೆದ ತಗಡಿನ ಚಾವಣಿ, ಕುಡಿಯುವ ನೀರು, ಬಟ್ಟೆ ಬದಲಿಸುವ ಕೋಣೆ ಇದ್ದರೆ ಮುದ್ದೇಬಿಹಾಳದ ಹುಡುಗಿ ಅಭ್ಯಾಸಕ್ಕಾಗಿ ಇಂಡಿಯ ಬಸ್ ಹಿಡಿಯಬೇಕಾಗಿಲ್ಲ.