ಸಿರಿವಂತ ನಾಡುಗಳ ಆರ್ಥಿಕ ಹಿಂಜರಿತ ಮತ್ತು ನಮ್ಮ ಮಕ್ಕಳ ನೆಮ್ಮದಿ

ದೂರದ ಅಮೆರಿಕದಲ್ಲಿ ವ್ಯಾಪಾರ ಕುಸಿದರೆ ಸತ್ತೂರಿಗೇನು ಎಂದು ಕೇಳುವ ಕಾಲ ಈಗ ಉಳಿದಿಲ್ಲ. ಹುಬ್ಬಳ್ಳಿ-ಧಾರವಾಡದ ಉಳಿದ ಬಡಾವಣೆಗಳಂತೆ ಇಲ್ಲಿಯೂ ತಂದೆ-ತಾಯಿಗಳು ಊರಲ್ಲಿದ್ದು, ಮಕ್ಕಳು ಕಡಲಾಚೆ ದುಡಿಯುವ ಮನೆಗಳುಂಟು. 2022ರ ನವೆಂಬರಿನಲ್ಲಿ ಮೆಟಾ 11,000ಕ್ಕೂ ಹೆಚ್ಚು, 2023ರ ಜನವರಿಯಲ್ಲಿ ಗೂಗಲ್ ಸುಮಾರು 12,000 ನೌಕರರನ್ನು ಕೈಬಿಡುವುದಾಗಿ ಘೋಷಿಸಿದವು. ಎಚ್-1ಬಿ ವೀಸಾದ ಮೇಲೆ ಹೋದವರಿಗೆ ಕೆಲಸ ಹೋದ ಮೇಲೆ ದೊರೆಯುವ ಕಾಲಾವಕಾಶ ಸಾಮಾನ್ಯವಾಗಿ ಹೆಚ್ಚೆಂದರೆ 60 ದಿನ. ಅಷ್ಟರೊಳಗೆ ಬೇರೆ ದಾರಿಯಾಗದಿದ್ದರೆ ಮನೆ, ಮಕ್ಕಳ ಶಾಲೆ ಎಲ್ಲವನ್ನೂ ಬಿಟ್ಟು ಹೊರಡಬೇಕು.

ಇಷ್ಟೊಂದು ಸಂಬಳ ಪಡೆದವರಿಗೆ ಕೆಲವು ತಿಂಗಳ ಕಷ್ಟ ಅಷ್ಟು ದೊಡ್ಡದೇ ಎಂದು ಕೆಲವರು ಕೇಳುತ್ತಾರೆ. ಅರ್ಥಶಾಸ್ತ್ರಜ್ಞರ ಅಧ್ಯಯನಗಳು ಹೌದೆನ್ನುತ್ತವೆ. ಅಮೆರಿಕದ ವರಮಾನ ದಶಕಗಳ ಕಾಲ ಏರಿದರೂ ಜನರ ಸಂತೋಷ ಅದರೊಂದಿಗೆ ಏರಲಿಲ್ಲವೆಂದು ರಿಚರ್ಡ್ ಈಸ್ಟರ್ಲಿನ್ 1974ರಲ್ಲಿಯೇ ತೋರಿಸಿದ್ದರು. ಹಲವು ದೇಶಗಳ ಅಂಕಿಅಂಶಗಳನ್ನು ಪರಿಶೀಲಿಸಿ 2018ರಲ್ಲಿ ಪ್ರಕಟವಾದ ಮತ್ತೊಂದು ಅಧ್ಯಯನವು, ಆರ್ಥಿಕ ಬೆಳವಣಿಗೆ ತರುವ ತೃಪ್ತಿಗಿಂತ ಅಷ್ಟೇ ಪ್ರಮಾಣದ ಕುಸಿತ ತರುವ ಅತೃಪ್ತಿ ಎರಡು ಪಟ್ಟಿಗೂ ಹೆಚ್ಚೆಂದು ಕಂಡುಕೊಂಡಿತು. ಏರುವಾಗ ಸಿಕ್ಕ ಸುಖವನ್ನು ಮನಸ್ಸು ಬೇಗ ಮರೆಯುತ್ತದೆ. ಇಳಿಯುವಾಗಿನ ನೋವನ್ನು ಮರೆಯದು.

ಆ ನೋವಿನ ಮೂಲ ಬರಿಯ ಹಣದ ಕೊರತೆಯಲ್ಲಿಲ್ಲ. 1930ರ ದಶಕದ ಆರಂಭದಲ್ಲಿ ಆಸ್ಟ್ರಿಯದ ಮರಿಯೆಂಥಾಲ್ ಎಂಬ ಊರಿನ ಬಟ್ಟೆ ಗಿರಣಿ ಮುಚ್ಚಿದಾಗ ಸಂಶೋಧಕರು ಅಲ್ಲಿಯ ಕಾರ್ಮಿಕರ ಬದುಕನ್ನು ಸಮೀಪದಿಂದ ಕಂಡರು. ಕೈತುಂಬ ಬಿಡುವಿದ್ದರೂ ಗ್ರಂಥಾಲಯದಿಂದ ಪುಸ್ತಕ ಒಯ್ಯುವುದು ಕಡಿಮೆಯಾಯಿತು. ಗಂಡಸರ ನಡಿಗೆಯೇ ನಿಧಾನವಾಯಿತು. ದಿನಕ್ಕೊಂದು ಕಟ್ಟು, ಜನರ ಒಡನಾಟ, ತಾನು ಯಾರಿಗೋ ಬೇಕಾದವನೆಂಬ ಭಾವ, ಇವೆಲ್ಲ ಕೆಲಸದೊಂದಿಗೆ ಹೋಗಿದ್ದವು.

ಆದರೆ ಕುಸಿತ ಎಲ್ಲ ನಾಡುಗಳನ್ನೂ ಒಂದೇ ಬಗೆಯಲ್ಲಿ ಕುಗ್ಗಿಸುವುದಿಲ್ಲ. 2008ರ ಅಕ್ಟೋಬರಿನಲ್ಲಿ ಐಸ್‌ಲೆಂಡಿನ ಮೂರು ದೊಡ್ಡ ಬ್ಯಾಂಕುಗಳು ಕೆಲವೇ ದಿನಗಳಲ್ಲಿ ಮುಳುಗಿದವು. ಗ್ರೀಸಿನಲ್ಲಿ 2013ರ ಹೊತ್ತಿಗೆ ನಿರುದ್ಯೋಗ ಶೇ. 27ನ್ನು ದಾಟಿತು. ಗ್ರೀಕರ ಜೀವನತೃಪ್ತಿ ತೀವ್ರವಾಗಿ ಇಳಿಯಿತು. ಐಸ್‌ಲೆಂಡಿನವರದು ಅಲ್ಪವಾಗಿ ಮಾತ್ರ. ಗ್ರೀಸಿನ ಬವಣೆ ಹೆಚ್ಚು ದೀರ್ಘವಾದುದು ಎಂಬುದು ನಿಜ. ಆದರೂ ವಿಶ್ವ ಸಂತೋಷ ವರದಿಯನ್ನು ಸಿದ್ಧಪಡಿಸಿದ ವಿದ್ವಾಂಸರು ಇನ್ನೊಂದು ಕಾರಣವನ್ನೂ ಗುರುತಿಸಿದ್ದಾರೆ. ಕಷ್ಟಕಾಲದಲ್ಲಿ ನೆರವಾಗುವವರು ಇದ್ದಾರೆಯೇ ಎಂದು ಕೇಳಿದರೆ ಹೌದೆನ್ನುವವರ ಪ್ರಮಾಣ ಐಸ್‌ಲೆಂಡಿನಲ್ಲಿ ಅತ್ಯಂತ ಹೆಚ್ಚು.

ನಮ್ಮ ಸಮಾಜ ಆಲೋಚಿಸಬೇಕಾದುದು ಇಲ್ಲಿಯೇ. ಕಡಲಾಚೆಯ ನಮ್ಮವರಿಗೆ ಕನ್ನಡ ಕೂಟಗಳುಂಟು. ಉತ್ತರ ಕ್ಯಾಲಿಫೋರ್ನಿಯದ ಕೂಟಕ್ಕೆ 2023ರಲ್ಲಿ ಐವತ್ತು ತುಂಬಿತು. ಹಬ್ಬದ ಊಟಕ್ಕೆ ಕೂಡುವ ಆ ನಂಟು ಕೆಲಸ ಹೋದ ದಿನವೂ ನೆರವಿಗೆ ಬರಬೇಕು. ಊರಿನಲ್ಲಿರುವ ನಾವಾದರೂ ಏನು ಮಾಡುತ್ತಿದ್ದೇವೆ? ಮದುವೆಯ ಮಾತುಕತೆಯಲ್ಲಿ ಹುಡುಗನ ಗುಣಕ್ಕಿಂತ ಮೊದಲು ಪ್ಯಾಕೇಜು ಕೇಳುತ್ತೇವೆ. ಬಂಧುಗಳ ಮುಂದೆ ಮಗಳ ಕಂಪನಿಯ ಹೆಸರನ್ನೇ ಅವಳ ಪರಿಚಯವಾಗಿ ಹೇಳುತ್ತೇವೆ. ಹೀಗೆ ಬೆಳೆದ ಮಕ್ಕಳು ಕೆಲಸ ಹೋದುದನ್ನು ಹೆತ್ತವರಿಗೂ ಹೇಳಲು ನಾಚಿದರೆ ತಪ್ಪು ಅವರದೆನ್ನಲಾಗದು.

ಕಾಯಕವನ್ನು ನಂಬಿದವರು ನಾವು. ನೌಕರಿಯೇ ಕಾಯಕವೆಂದು ತಿಳಿದರೆ, ನೌಕರಿ ಹೋದವನು ಕಾಯಕಹೀನನೆಂದಾಗುತ್ತದೆ. ಇದು ಆ ತತ್ತ್ವಕ್ಕೇ ಅಪಚಾರ. ನೌಕರಿ ಕಂಪನಿ ಕೊಡುವುದು, ಕಂಪನಿ ಕಸಿಯುವುದು. ಮನಸ್ಸಿಟ್ಟು ದುಡಿಯುವ ಗುಣ ವ್ಯಕ್ತಿಯದು. ದಾಸೋಹವೂ ಹಾಗೆಯೇ: ಕೊಡುವವನು ಬೀಗದೆ, ಪಡೆಯುವವನು ಕುಗ್ಗದೆ ನಡೆಯಬೇಕಾದುದು.

ಆದುದರಿಂದ ಹೆತ್ತವರಲ್ಲಿ ನಮ್ಮ ವಿನಂತಿ ಇಷ್ಟೆ. ಈ ವಾರ ಮಕ್ಕಳಿಗೆ ಫೋನು ಮಾಡಿದಾಗ ಕೆಲಸದ ಮಾತನ್ನು ಬದಿಗಿಡಿ. ಊಟ, ನಿದ್ದೆ, ಮೈ-ಮನಸ್ಸು ಹೇಗಿವೆ ಎಂದು ವಿಚಾರಿಸಿ. ಏನೇ ಆದರೂ ಮನೆಯ ಬಾಗಿಲು ತೆರೆದಿದೆ ಎಂಬ ಮಾತನ್ನು, ಅದು ಅವರಿಗೆ ಗೊತ್ತೇ ಇದೆ ಎಂದುಕೊಳ್ಳದೆ, ಬಾಯಿಬಿಟ್ಟು ಹೇಳಿ.