ಮೆದುಳಿನ ಮದ್ದಿನ ಕಂಪನಿಗೆ ನಮ್ಮ ಗೂಡಿನ ದುಡ್ಡು ಯಾಕೆ?

ಸ್ಟಾರ್ಟಪ್ ಷೇರು ಈಗಲೇ ತಗೊಳ್ಳಿ, ನಾಳೆ ನೂರು ಪಟ್ಟು ಆಗುತ್ತೆ ಅನ್ನೋ ಮಾತಿಗೆ ನಮ್ಮ ಕಡೆ ಈಗ ಅಷ್ಟು ಸುಲಭಕ್ಕೆ ಯಾರೂ ಬೀಳಲ್ಲ. ಆದರೆ ಅದೇ ಮಾತಿಗೆ 'ಮೆದುಳು', 'ಮರೆವಿನ ಕಾಯಿಲೆಗೆ ಮದ್ದು' ಅಂತ ಲೇಬಲ್ ಅಂಟಿಸಿ, ಓದಿದವರೂ ಬಾಯಿ ಮುಚ್ಚಿಕೊಂಡು ಕೇಳ್ತಾರೆ. ಅದಕ್ಕೇ ಇದನ್ನು ಬರೀತಿದ್ದೇವೆ.

ಚನ್ನಪಟ್ಟಣದ ರೇಷ್ಮೆ ರೈತರಿಗೆ ನಷ್ಟದ ಲೆಕ್ಕ ಹೊಸದಲ್ಲ. ಚಾಕಿ ಹುಳು ತಂದು ಉಳಿದ ಜ್ವರ ದಾಟಿಸಿ ಗೂಡು ಬಿಡಿಸಿ ರಾಮನಗರ ಮಾರ್ಕೆಟ್ಟಿಗೆ ಒಯ್ದರೆ, ತಿಂಗಳೊಳಗೆ ಗೆದ್ದೆವೋ ಸೋತೆವೋ ಗೊತ್ತಾಗುತ್ತೆ. ಮೆದುಳಿನ ಮದ್ದಿಗೆ ಹತ್ತು ಹದಿನೈದು ವರ್ಷ ಬೇಕು. 2002ರಿಂದ 2012ರವರೆಗೆ ಪರೀಕ್ಷೆಗೆ ಬಂದ ಅಲ್ಜೈಮರ್ ಮದ್ದುಗಳಲ್ಲಿ ಶೇ. 99.6 ಸೋತವು. ಇಂಥ ಬೆಳೆಗೆ ಯಾವ ರೈತ ಬಡ್ಡಿ ಸಾಲ ತರ್ತಾನೆ?

2018ರಲ್ಲಿ ಫೈಝರ್ ಕಂಪನಿಯೇ ಮೆದುಳಿನ ಮದ್ದು ಹುಡುಕೋ ಕೆಲಸ ಬಿಟ್ಟಿತು. ಅದರ ಕೈಲಿದ್ದ ಮದ್ದುಗಳನ್ನು ಇಟ್ಟುಕೊಂಡು ಸೆರೆವೆಲ್ ಅನ್ನೋ ಕಂಪನಿ ಹುಟ್ಟಿತು. ಬೇನ್ ಕ್ಯಾಪಿಟಲ್ ಅದಕ್ಕೆ 35 ಕೋಟಿ ಡಾಲರ್ ಒಪ್ಪಿಸಿತು. ಆಬ್‌ವೀ ಅನ್ನೋ ದೊಡ್ಡ ಕಂಪನಿ ಸುಮಾರು 870 ಕೋಟಿ ಡಾಲರಿಗೆ ಅದನ್ನು ಕೊಂಡಿತು. ಖರೀದಿ ಮುಗಿದದ್ದು 2024ರ ಆಗಸ್ಟಿನಲ್ಲಿ. ನವೆಂಬರಿನಲ್ಲಿ ಅದರ ಮುಖ್ಯ ಸ್ಕಿಜೋಫ್ರೇನಿಯಾ ಮದ್ದು ಪರೀಕ್ಷೆಯಲ್ಲಿ ಫೇಲಾಯಿತು!

'ಮೊದಲು ಹಾಕಿದವರು ಲಾಭ ಮಾಡಿದರಲ್ಲ?' ಅಂತ ಕೇಳೋರಿದ್ದಾರೆ. ಮಾಡಿದರು, ಇಲ್ಲ ಅನ್ನಲ್ಲ. ಅವರು ಇಪ್ಪತ್ತು ಕಡೆ ಹಾಕಿ ಹತ್ತೊಂಬತ್ತು ಕಡೆ ಕಳಕೊಂಡು ಒಂದರಲ್ಲಿ ಎದ್ದು ಬರೋ ಜನ. ನಮ್ಮ ಹತ್ತಿರ ಇರೋದು ಒಂದೇ ಕಡೆಗೆ ಆಗೋ ದುಡ್ಡು, ಅದೂ ಮಗಳ ಮದುವೆಗೆ ಅಂತ ಕಟ್ಟಿದ ಚೀಟಿಯದು.

ಕಾನೂನೂ ಇದನ್ನೇ ಹೇಳುತ್ತೆ. ಪ್ರೈವೇಟ್ ಲಿಮಿಟೆಡ್ ಕಂಪನಿ ಸಾರ್ವಜನಿಕರನ್ನು ಷೇರು ಕೊಳ್ಳಿ ಅಂತ ಕರೆಯುವ ಹಾಗಿಲ್ಲ. ವಾಟ್ಸಾಪ್ ಗ್ರೂಪಲ್ಲಿ ಊರೆಲ್ಲಾ ಕರೆದರೆ, ಮದ್ದು ನಿಜವೋ ಸುಳ್ಳೋ ಆಮೇಲಿನ ಮಾತು, ಕರೆದಿದ್ದೇ ತಪ್ಪು.

ಹಾಗಂತ ಸಂಶೋಧನೆ ಬೇಡ ಅನ್ನೋರಲ್ಲ ನಾವು. ಲಕ್ವ, ಫಿಟ್ಸು, ಮರೆವು ನಮ್ಮ ಮನೆಗಳಲ್ಲೂ ಇವೆ, ನಿಮ್ಹಾನ್ಸ್ ಬಾಗಿಲಲ್ಲಿ ಕಾದವರು ಇದನ್ನು ಓದ್ತಿರೋರಲ್ಲೂ ಇದ್ದೀರಿ. ಸೋಲುವ ಸಾಧ್ಯತೆ ಇಷ್ಟಿರುವ ಕೆಲಸಕ್ಕೆ ಮೊದಲ ದುಡ್ಡು ಸರ್ಕಾರ ಮತ್ತು ಸಾವುಕಾರರೇ ಹಾಕಬೇಕು. ಕೇಂದ್ರದ ಬೈರಾಕ್ ಸಂಸ್ಥೆ 50 ಲಕ್ಷದವರೆಗೆ ಅನುದಾನ ಕೊಡುತ್ತೆ, ರಾಜ್ಯದ ಎಲಿವೇಟ್ ಯೋಜನೆಯೂ ಕೊಡುತ್ತೆ. ಇನ್ಫೋಸಿಸ್‌ನ ಕ್ರಿಸ್ ಗೋಪಾಲಕೃಷ್ಣನ್ ಐಐಎಸ್‌ಸಿಯ ಮೆದುಳು ಸಂಶೋಧನಾ ಕೇಂದ್ರಕ್ಕೆ 225 ಕೋಟಿ ರೂಪಾಯಿ ಕೊಟ್ಟದ್ದು ಷೇರಿಗಲ್ಲ, ದಾನವಾಗಿ. ಸರಿಯಾದ ದಾರಿ ಅದು.

ಹಳ್ಳಿಯವರೇನು ಕೊಟ್ಟಿಲ್ಲವೇ? ಕೋಲಾರದ ಶ್ರೀನಿವಾಸಪುರ ತಾಲ್ಲೂಕಿಗೆ ಹೋಗಿ ನೋಡಿ. ಅದೇ ಕೇಂದ್ರ ಅಲ್ಲಿ 45 ದಾಟಿದ 10,000 ಜನರನ್ನು ವರ್ಷಗಟ್ಟಲೆ ಪರೀಕ್ಷಿಸುವ ಗುರಿ ಇಟ್ಟುಕೊಂಡಿದೆ. ಮರೆವು ಯಾರಿಗೆ, ಯಾಕೆ ಬರುತ್ತೆ ಅಂತ ತಿಳಿಯೋದಕ್ಕೆ ಜನ ರಕ್ತ ಕೊಡ್ತಾರೆ, ಎಂಆರ್‌ಐ ಮಾಡಿಸಿಕೊಳ್ತಾರೆ, ಪ್ರಶ್ನೆಗಳಿಗೆ ಉತ್ತರ ಹೇಳ್ತಾರೆ. ಇದು ಬಂಡವಾಳ ಅಲ್ಲವೇ? ದುಡ್ಡು ಹಾಕಿದವರ ಹೆಸರಿಗೆ ಷೇರು ಪತ್ರ ಇರುತ್ತೆ, ರಕ್ತ ಕೊಟ್ಟವರ ಹೆಸರಿಗೆ ಏನಿರುತ್ತೆ?

ನಾಳೆ ನಮ್ಮ ತಾಲ್ಲೂಕಿಗೂ ಇಂಥ ತಂಡ ಬರಬಹುದು. ಬರಲಿ, ರಕ್ತ ಕೊಡೋಣ. ಸಹಿ ಹಾಕೋ ಮುಂಚೆ ಒಪ್ಪಿಗೆ ಪತ್ರ ಕನ್ನಡದಲ್ಲಿ ಓದಿ ಹೇಳಿ ಅನ್ನೋಣ. ನಮ್ಮ ಮಾಹಿತಿ ಯಾವ ಕಂಪನಿಗೆ ಹೋಗುತ್ತೆ, ಅದರಿಂದ ಮದ್ದು ಬಂದರೆ ನಮ್ಮ ಸರ್ಕಾರಿ ಆಸ್ಪತ್ರೆಗೆ ಯಾವ ರೇಟಿಗೆ ಸಿಗುತ್ತೆ, ಇದನ್ನು ಬರೆದು ಕೊಡಿ ಅಂತ ಗ್ರಾಮಸಭೆಯಲ್ಲೇ ಕೇಳೋಣ.