ಮುರಿದ ಕಿವಿಯ ಮಹಿಮೆ

ಕೆಲವು ತಿಂಗಳ ಹಿಂದೆ ನಮ್ಮ ಪಟ್ಟಣದ ಸಮೀಪದ ಊರೊಂದರ ಜಾತ್ರೆಗೆ ಹೋಗಿದ್ದೆ. ತೇರು ನೆಲೆಗೆ ನಿಂತ ಮೇಲೆ ಜನವೆಲ್ಲ ಹರಿದದ್ದು ಕುಸ್ತಿಯ ಅಖಾಡದ ಕಡೆಗೆ. ದೊಡ್ಡ ಪೈಲ್ವಾನರ ಕುಸ್ತಿಗೆ ಮುಂಚೆ ಹುಡುಗರ ಜೋಡಿಗಳನ್ನು ಬಿಡುವುದು ವಾಡಿಕೆಯಷ್ಟೆ. ಹದಿನಾಲ್ಕು ವರ್ಷದ ಹುಡುಗನೊಬ್ಬ ಮಟ್ಟಿಯ ಮಣ್ಣನ್ನು ಕಣ್ಣಿಗೊತ್ತಿಕೊಂಡು ಒಳಗೆ ಬಂದ. ಅವನ ಎರಡು ಕಿವಿಗಳ ಮೇಲೂ ಮೆತ್ತನೆಯ ಬಟ್ಟಲಿನಂಥ ಕವಚವಿತ್ತು. ತಲೆಯ ಮೇಲೊಂದು ಪಟ್ಟಿ, ಗದ್ದದ ಕೆಳಗೊಂದು ಪಟ್ಟಿ. ಬೆಂಗಳೂರಿನಲ್ಲಿರುವ ಸೋದರಮಾವ ತಂದುಕೊಟ್ಟದ್ದಂತೆ.

ಅದನ್ನು ಕಂಡದ್ದೇ ತಡ, ಸುತ್ತಲೂ ಸಿಳ್ಳೆ ಎದ್ದಿತು. "ಏನ್ಲಾ, ಕಿವಿಗೆ ಕುಲಾವಿ ಹಾಕ್ಕಂಡ್ ಬಂದವ್ನೆ! ಅವ್ವನ ಸೆರಗೂ ತಂದಿದ್ದೀಯೇನ್ಲಾ?" ಎಂದು ಒಬ್ಬ ಕೂಗಿದ. ಎದುರು ಹುಡುಗನ ಕಡೆಯವರು ಪಂಚರ ಹತ್ತಿರ ಹೋಗಿ, ತಮ್ಮ ಹುಡುಗನಿಗೆ ಇಲ್ಲದ್ದು ಇವನಿಗೆ ಇರುವುದು ಅನ್ಯಾಯವೆಂದು ವಾದಿಸಿದರು. ಪಂಚರು ಒಂದು ಗಳಿಗೆ ಯೋಚಿಸಿ ಕವಚವನ್ನು ತೆಗೆಸಿದರು. ಕುಸ್ತಿ ನಡೆಯಿತು, ಯಾರೂ ಚಿತ್ ಆಗಲಿಲ್ಲ, ಜೋಡಿ ಸಮವೆಂದು ಬಿಟ್ಟರು. ಹದಿನೈದು ದಿನಗಳ ಮೇಲೆ ಆ ಹುಡುಗನನ್ನು ಸಂತೆಯಲ್ಲಿ ಕಂಡೆ. ಎಡಗಿವಿ ಊದಿ ಬದನೆಕಾಯಿಯ ಬಣ್ಣಕ್ಕೆ ತಿರುಗಿತ್ತು. ಆಸ್ಪತ್ರೆಗೆ ಹೋದೆಯಾ ಎಂದು ಕೇಳಿದೆ. "ಇಲ್ಲ ಸಾರ್. ಈಗ್ಲೇ ನೀನು ಪೈಲ್ವಾನ ಆಗಿದ್ದು ಅಂದ್ರು ಉಸ್ತಾದ್ರು" ಎಂದು ನಕ್ಕ. ನಗುವಾಗ ನೋವಾಯಿತೆಂದು ಕಾಣುತ್ತದೆ, ಕೈ ಕಿವಿಗೆ ಹೋಯಿತು.

ಕನ್ನಡ ಪಾಠ ಹೇಳುವ ನನಗೆ ಕುಸ್ತಿಯ ಉಸಾಬರಿ ಏಕೆ ಎಂದು ಕೇಳುವವರು ಇದ್ದೇ ಇರುತ್ತಾರೆ. ನಾನು ಗರಡಿಯ ವೈರಿಯಲ್ಲ. ನಮ್ಮ ಬೀದಿಯ ಗರಡಿಯಲ್ಲಿ ಹುಡುಗತನದಲ್ಲಿ ದಂಡೆ, ಬೈಠಕ್ ತೆಗೆದವನೇ. ಆದರೆ ಎರಡು ವರ್ಷದ ಹಿಂದೆ ನನ್ನ ತರಗತಿಯಲ್ಲಿ ಒಬ್ಬ ಪೈಲ್ವಾನ ವಿದ್ಯಾರ್ಥಿಯಿದ್ದ. ಹಳಗನ್ನಡ ಓದಿಸುವಾಗಲೆಲ್ಲ ಮುಖವನ್ನು ಒಂದು ಪಕ್ಕಕ್ಕೆ ತಿರುಗಿಸಿ ಕೂರುತ್ತಿದ್ದ. ಉದಾಸೀನನೆಂದು ಬಗೆದು ಒಂದು ದಿನ ಗದರಿಸಿದೆ. ಆಮೇಲೆ ತಿಳಿಯಿತು: ಅವನ ಬಲಗಿವಿಯ ಹಾಲೆ ಮುದುಡಿ, ಕಿವಿಯ ಬಾಯಿಯೇ ಕಿರಿದಾಗಿತ್ತು. ಪಾಠ ಕೇಳಲು ಇದ್ದ ಇನ್ನೊಂದು ಕಿವಿಯನ್ನು ಅವನು ನನ್ನ ಕಡೆಗೆ ಒಡ್ಡುತ್ತಿದ್ದ. ಅಂದು ಪಟ್ಟ ನಾಚಿಕೆ ಇನ್ನೂ ಇದೆ. ಈ ಲೇಖನಕ್ಕೆ ಅದೇ ಕಾರಣವೆಂದು ತಿಳಿದರೂ ತಪ್ಪಿಲ್ಲ.

ಕಿವಿ ಮುರಿಯುವುದೆಂದರೆ ಏನು? ಹೊರಗಿವಿಯೊಳಗೆ ಮೂಳೆಯಿಲ್ಲ, ಇರುವುದು ಮೃದ್ವಸ್ಥಿ. ಅದಕ್ಕೆ ತನ್ನದೇ ಆದ ರಕ್ತನಾಳಗಳಿಲ್ಲ. ಮೇಲೆ ಹೊದ್ದಿರುವ ತೆಳುಪೊರೆಯಿಂದಲೇ ಅದಕ್ಕೆ ಆಹಾರ. ಎದುರಾಳಿಯ ತಲೆ, ಮೊಣಕೈ, ನೆಲದ ಉಜ್ಜು ಬಿದ್ದಾಗ ಪೊರೆ ಮೃದ್ವಸ್ಥಿಯಿಂದ ಬಿಟ್ಟುಕೊಳ್ಳುತ್ತದೆ. ನಡುವೆ ರಕ್ತ ನಿಲ್ಲುತ್ತದೆ. ಆಹಾರ ನಿಂತ ಮೃದ್ವಸ್ಥಿ ಸಾಯುತ್ತದೆ. ಆ ಜಾಗದಲ್ಲಿ ಗಂಟುಗಂಟಾದ ಗಟ್ಟಿ ಅಂಗಾಂಶ ಬೆಳೆಯುತ್ತದೆ. ಹೂಕೋಸಿನ ಕಿವಿ ಎಂದು ವೈದ್ಯರು ಕರೆಯುವುದು ಇದನ್ನೇ. ಪೆಟ್ಟಾದ ಕೆಲವೇ ದಿನಗಳಲ್ಲಿ ವೈದ್ಯರು ಆ ರಕ್ತವನ್ನು ತೆಗೆದು, ಮತ್ತೆ ತುಂಬದಂತೆ ಒತ್ತಿ ಕಟ್ಟು ಹಾಕಿದರೆ ಕಿವಿ ಉಳಿಯುತ್ತದೆ. ತಡವಾದರೆ ಅದು ಹಾಗೆಯೇ ಗಟ್ಟಿಯಾಗುತ್ತದೆ. ಆಮೇಲೆ ಶಸ್ತ್ರಕ್ರಿಯೆಯಿಂದಲೂ ಪೂರ್ತಿ ಸರಿಹೋಗುವುದು ಕಷ್ಟ. ಮನೆಯಲ್ಲಿ ಹೊಲಿಗೆ ಸೂಜಿ ಚುಚ್ಚಿ ರಕ್ತ ತೆಗೆಯುವ ಶೂರರೂ ಇದ್ದಾರೆ. ಕೀವಾಗಿ ಇಡೀ ಹಾಲೆಯೇ ಕೊಳೆಯುವ ಅಪಾಯವನ್ನು ಅವರು ಅರಿಯರು.

ಇಷ್ಟನ್ನು ತಡೆಯಲು ಒಂದು ಸಾಧನವಿದೆ. ಅದು ಪರಿಪೂರ್ಣವಲ್ಲ, ಆದರೆ ಉಪಯುಕ್ತ. ಅಮೆರಿಕದ ಐನೂರಕ್ಕೂ ಹೆಚ್ಚು ಕಾಲೇಜು ಕುಸ್ತಿಪಟುಗಳನ್ನು ವಿಚಾರಿಸಿ 1989ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕವಚವಿಲ್ಲದೆ ಆಡುವಾಗ ಕಿವಿಯಲ್ಲಿ ರಕ್ತ ಕಟ್ಟಿಕೊಂಡವರು ನೂರಕ್ಕೆ 52, ಕವಚ ಧರಿಸಿದ್ದಾಗ 26. ಎಂದರೆ ಅರ್ಧಕ್ಕರ್ಧ ಕಡಿಮೆ. ಆ ದೇಶದ ಪ್ರೌಢಶಾಲೆಗಳ ಕುಸ್ತಿಯಲ್ಲಿ ಎರಡು ಕಿವಿಗಳಿಗೂ ಕವಚ ಕಡ್ಡಾಯ. ಅಂತರರಾಷ್ಟ್ರೀಯ ಕುಸ್ತಿ ಸಂಸ್ಥೆಯಾದ ಯುನೈಟೆಡ್ ವರ್ಲ್ಡ್ ರೆಸ್ಲಿಂಗ್ ಕಡ್ಡಾಯ ಮಾಡಿಲ್ಲ; ಆದರೆ ಲೋಹವಾಗಲಿ ಗಟ್ಟಿ ಚಿಪ್ಪಾಗಲಿ ಇಲ್ಲದ ಮೆತ್ತನೆಯ ಕವಚಕ್ಕೆ ಅನುಮತಿ ಕೊಟ್ಟಿದೆ. ಹೀಗಿರುವಾಗ ಲೋಕದ ಕುಸ್ತಿ ಒಪ್ಪಿದ್ದನ್ನು ನಮ್ಮ ಜಾತ್ರೆಯ ಪಂಚರು ಅನ್ಯಾಯವೆಂದರು!

ಈ ಅನ್ಯಾಯದ ಮಾತನ್ನೇ ಸ್ವಲ್ಪ ವಿಚಾರಿಸೋಣ, ಏಕೆಂದರೆ ಅದರಲ್ಲಿ ಒಂದು ಎಳೆ ಸತ್ಯವಿದೆ. ಗಟ್ಟಿ ಚಿಪ್ಪಿನ ಕವಚ ಎದುರಾಳಿಯ ಹುಬ್ಬನ್ನು ಸೀಳಬಹುದು. ಪಟ್ಟಿಗೆ ಬೆರಳು ಸಿಕ್ಕಿಕೊಳ್ಳಬಹುದು. ತಲೆಯನ್ನು ತೋಳಲ್ಲಿ ಅದುಮಿ ಹಿಡಿಯುವ ಪಟ್ಟುಗಳಲ್ಲಿ ಕವಚ ಧರಿಸಿದವನಿಗೆ ನೋವು ಕಡಿಮೆ, ಆದ್ದರಿಂದ ಅವನು ಹೆಚ್ಚು ಹೊತ್ತು ತಾಳಬಹುದು. ಇವೆಲ್ಲ ನಿಜ. ಆದರೆ ಇವುಗಳಿಗೆ ಪರಿಹಾರವೂ ಸುಲಭ: ಮೆತ್ತನೆಯದಿರಲಿ, ತಲೆಯ ಅಳತೆಗೆ ಸರಿಯಾಗಿರಲಿ, ಪಟ್ಟಿ ಹಿಡಿದು ಎಳೆಯುವುದು ತಪ್ಪೆಂದು ಸಾರಲಿ, ಎಲ್ಲಕ್ಕಿಂತ ಮುಖ್ಯವಾಗಿ, ಇಬ್ಬರಿಗೂ ಇರಲಿ. ಅಂದು ಪಂಚರ ಮುಂದೆ ಜೋಡಿಯನ್ನು ಸಮ ಮಾಡಲು ಎರಡು ದಾರಿಗಳಿದ್ದವು. ಇಲ್ಲದವನಿಗೆ ಕೊಡಿಸುವುದು ಒಂದು. ಇದ್ದವನಿಂದ ಕಿತ್ತುಕೊಳ್ಳುವುದು ಇನ್ನೊಂದು. ಅವರು ಎರಡನೆಯದನ್ನು ಹಿಡಿದು ಅದನ್ನೇ ನ್ಯಾಯವೆಂದು ಕರೆದರು. ಇಬ್ಬರಲ್ಲಿ ಒಬ್ಬನಿಗೆ ಮಾತ್ರ ಕೊಡೆಯಿದ್ದರೆ ಕೊಡೆಯನ್ನು ಹರಿದುಹಾಕಿ ಇಬ್ಬರನ್ನೂ ಮಳೆಯಲ್ಲಿ ನಿಲ್ಲಿಸುವ ನ್ಯಾಯವಿದು.

ಬಡವರ ಮಕ್ಕಳು ಎಲ್ಲಿಂದ ತಂದಾರು ಎಂಬ ಪ್ರಶ್ನೆ ಇದಕ್ಕಿಂತ ದೊಡ್ಡದು. ಗರಡಿಗೆ ಬರುವವರಲ್ಲಿ ಹೆಚ್ಚಿನವರು ಹಾಲು ಬಾದಾಮಿಗೇ ಲೆಕ್ಕ ಹಾಕುವ ಮನೆಯವರು. ಅದಕ್ಕೇ ಹೇಳುತ್ತೇನೆ: ಕವಚ ಹುಡುಗನ ಆಸ್ತಿಯಾಗಬೇಕಾಗಿಲ್ಲ, ಗದೆ ಕರೇಲಾಗಳಂತೆ ಗರಡಿಯ ಆಸ್ತಿಯಾಗಲಿ, ಪಂದ್ಯದ ದಿನ ಪಂದ್ಯ ನಡೆಸುವವರು ಒದಗಿಸಲಿ. ಒಬ್ಬರ ತಲೆಯಿಂದ ಇನ್ನೊಬ್ಬರ ತಲೆಗೆ ಹೋಗುವಾಗ ತೊಳೆದು ಒಣಗಿಸಲಿ. ಇಲ್ಲವಾದರೆ ಹುಳುಕಡ್ಡಿಯಂಥ ಚರ್ಮರೋಗ ಅಂಟುತ್ತದೆ. ಮುಖಂಡರ ಮುಖಗಳನ್ನು ಅಚ್ಚು ಹಾಕಿಸಿ ಊರ ಬಾಗಿಲಿಗೆ ನಿಲ್ಲಿಸುವ ಫಲಕಗಳ ಖರ್ಚಿನಲ್ಲಿ ಒಂದು ಪಾಲು ಸಾಕು. ಹುಡುಗರ ಕಿವಿಗೆ ದುಡ್ಡಿಲ್ಲ ಎನ್ನುವವರು ಆ ಫಲಕಗಳ ಲೆಕ್ಕವನ್ನು ಮೊದಲು ಕೊಡಲಿ.

"ಇದು ನಮ್ಮ ಸಂಪ್ರದಾಯವಲ್ಲ" ಎಂಬುದು ಮುಂದಿನ ಆಕ್ಷೇಪಣೆ. ಯಾವ ಸಂಪ್ರದಾಯ? ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ತನ್ನ 'ಮಾನಸೋಲ್ಲಾಸ'ದಲ್ಲಿ ಮಲ್ಲವಿನೋದವೆಂಬ ಪ್ರಕರಣವನ್ನೇ ಬರೆದು, ಮಲ್ಲರನ್ನು ವಯಸ್ಸು, ಮೈಕಟ್ಟು, ಬಲಗಳಿಗೆ ತಕ್ಕಂತೆ ವಿಂಗಡಿಸಿದ್ದಾನೆ. ಎಳೆಯನಿಗೂ ಬಲಿತವನಿಗೂ ಒಂದೇ ಅಳತೆಯಲ್ಲವೆಂದು ಕನ್ನಡ ನಾಡಿನ ಅರಸು ಅಂದೇ ಅರಿತಿದ್ದ. ಮೈಸೂರಿನ ವಜ್ರಮುಷ್ಟಿ ಕಾಳಗವನ್ನು ನೋಡಿ. ವಿಜಯದಶಮಿಯಂದು ಅರಮನೆಯ ಆವರಣದಲ್ಲಿ ತಲೆ ಬೋಳಿಸಿಕೊಂಡ ಜಟ್ಟಿಗಳು ಕಾದುತ್ತಾರೆ. ಅದಕ್ಕಿಂತ ಉಗ್ರವಾದ ಮಲ್ಲವಿದ್ಯೆ ನಮ್ಮಲ್ಲಿ ಇನ್ನೊಂದಿಲ್ಲ. ಆದರೂ ತಲೆಯಿಂದ ಮೊದಲ ರಕ್ತ ಚಿಮ್ಮಿದೊಡನೆ ಕಾಳಗ ಮುಗಿಯಿತು! ಹೊರಗೆ ಹರಿದ ರಕ್ತಕ್ಕೆ ಇಷ್ಟು ಮರ್ಯಾದೆ ಕೊಟ್ಟ ಸಂಪ್ರದಾಯ, ಹುಡುಗನ ಕಿವಿಯೊಳಗೆ ನಿಂತ ರಕ್ತವನ್ನು ನೋಡಿ ನಗಲು ಹೇಳಿಕೊಟ್ಟೀತೆ? ಅದು ಹೊರಗೆ ಕಾಣುವುದಿಲ್ಲ; ಆದ್ದರಿಂದ ನಾವು ಆಟ ನಿಲ್ಲಿಸುವುದಿಲ್ಲ.

ಇನ್ನು ಹೇಡಿತನದ ಮಾತು. ಕವಚ ಹೇಡಿಯ ಗುರುತಾದರೆ ಮಹಾಭಾರತದ ಅರ್ಧ ವೀರರು ಹೇಡಿಗಳಾಗಬೇಕು. ಕರ್ಣ ಹುಟ್ಟಿದ್ದೇ ಕವಚದೊಡನೆ, ಕಿವಿಯ ಕುಂಡಲಗಳೊಡನೆ. ಅವನ ಹೆಸರಿನ ಅರ್ಥವೇ ಕಿವಿ. ಅವುಗಳನ್ನು ಇಂದ್ರ ಬೇಡಿ ಒಯ್ದಾಗ, ಈಗ ನಿಜವಾದ ಶೂರನಾದ ಎಂದು ಯಾರೂ ಸಿಳ್ಳೆ ಹಾಕಲಿಲ್ಲ. ಮೋಸವಾಯಿತೆಂದು ಇಂದಿಗೂ ಮರುಗುತ್ತೇವೆ. ಅಷ್ಟು ಹಿಂದಕ್ಕೆ ಏಕೆ? 1978ರಲ್ಲಿ ಆಸ್ಟ್ರೇಲಿಯದ ಗ್ರಹಾಂ ಯಾಲಪ್ ಬ್ರಿಡ್ಜ್‌ಟೌನಿನ ಟೆಸ್ಟ್ ಪಂದ್ಯದಲ್ಲಿ ಶಿರಸ್ತ್ರಾಣ ಧರಿಸಿ ಆಡಲು ಬಂದಾಗ ಪ್ರೇಕ್ಷಕರು ಹಂಗಿಸಿ ಕೂಗಿದರು. ಇಂದು ವೇಗದ ಬೌಲರನ ಮುಂದೆ ಅದಿಲ್ಲದೆ ನಿಲ್ಲುವವನನ್ನು ಹುಚ್ಚನೆನ್ನುತ್ತೇವೆ. ಸಿಳ್ಳೆ ಹಾಕಿದವರ ಮಕ್ಕಳೇ ಆಮೇಲೆ ಅದನ್ನು ಕೊಂಡು ಧರಿಸಿದರು.

ವಿಷಯ ತಿಳಿದವರು ಇನ್ನೊಂದು ವಾದ ಹೂಡುತ್ತಾರೆ: ಮುಷ್ಟಿಯುದ್ಧದಲ್ಲಿಯೇ 2013ರಲ್ಲಿ ತಲೆಗವಚವನ್ನು ತೆಗೆದುಹಾಕಿದರಲ್ಲ, 2016ರ ರಿಯೋ ಒಲಿಂಪಿಕ್ಸಿನಲ್ಲಿ ಗಂಡಸರು ಬರಿದಲೆಯಲ್ಲಿ ಆಡಿದರಲ್ಲ, ಎಂದು. ಹೌದು. ಆದರೆ ತೆಗೆದದ್ದು ಬಲಿತ ಗಂಡಸರಿಗೆ. ರಿಯೋದಲ್ಲಿಯೇ ಹೆಂಗಸರು ಧರಿಸಿ ಆಡಿದರು. ಅಲ್ಲಿದ್ದ ಚರ್ಚೆ ಮಿದುಳಿನದು, ನಮ್ಮದು ಕಿವಿಯದು. ಕಿವಿಯ ಕವಚ ಮಿದುಳಿನ ಪೆಟ್ಟನ್ನು ತಡೆಯುತ್ತದೆಂದು ನಾನು ಹೇಳುವುದಿಲ್ಲ. ಅದು ಅದಕ್ಕಾಗಿ ಮಾಡಿದ್ದೂ ಅಲ್ಲ. ಕತ್ತು ಉಳುಕುವುದನ್ನೂ ಅದು ತಡೆಯದು. ತಲೆಗೆ ಪೆಟ್ಟು ಬಿದ್ದು ಹುಡುಗ ಮಂಕಾದರೆ ಕವಚವಿದೆಯೆಂದು ಮುಂದುವರಿಸುವುದು ಪರಮ ಮೂರ್ಖತನ. ಆಟ ನಿಲ್ಲಿಸಿ ವೈದ್ಯರಲ್ಲಿಗೆ ಕಳಿಸಬೇಕು. ಕವಚದಿಂದ ಎಲ್ಲವೂ ಆಗುವುದಿಲ್ಲ. ಎಲ್ಲವೂ ಆಗುವುದಿಲ್ಲವೆಂದು ಆಗುವುದನ್ನೂ ಬಿಡಬೇಕೆ?

ಹೆಣ್ಣುಮಕ್ಕಳ ಮಾತನ್ನು ಹೇಳದೆ ಮುಗಿಸಿದರೆ ಅಪಚಾರವಾದೀತು. 2004ರ ಅಥೆನ್ಸ್ ಒಲಿಂಪಿಕ್ಸಿನಲ್ಲಿ ಮಹಿಳಾ ಕುಸ್ತಿ ಸೇರಿತು. 2016ರಲ್ಲಿ ಸಾಕ್ಷಿ ಮಲಿಕ್ ಕಂಚು ತಂದರು. ನಮ್ಮ ಹಳಿಯಾಳದ ಕಡೆಯ ಹುಡುಗಿಯರೂ ಮಣ್ಣಿಗಿಳಿದಿದ್ದಾರೆ. ಆದರೆ ಹುಡುಗನ ಕಿವಿ ಮುರಿದರೆ ಭೂಷಣವೆನ್ನುವ ಅದೇ ಬಾಯಿ, ಹುಡುಗಿಯ ಕಿವಿ ಮುರಿದರೆ "ಓಲೆ ಎಲ್ಲಿ ಇಡ್ತೀಯೆ? ಯಾರು ಮಾಡ್ಕೋತಾರೆ?" ಎಂದು ಅವಳನ್ನು ಮನೆಗೆ ಎಳೆಯುತ್ತದೆ. ಒಂದೇ ಗಾಯಕ್ಕೆ ಎರಡು ಬೆಲೆ ಕಟ್ಟುವ ನಮಗೆ ಕುಸ್ತಿಯಲ್ಲಿ ನ್ಯಾಯದ ಮಾತಾಡುವ ಅಧಿಕಾರವೆಲ್ಲಿಯದು?

ಮುರಿದ ಕಿವಿಯ ಮೋಹ ನಮಗೊಬ್ಬರಿಗೇ ಅಂಟಿದ ರೋಗವಲ್ಲ. ರೋಮ್ ನಗರದಲ್ಲಿ 1885ರಲ್ಲಿ ನೆಲದಿಂದ ಅಗೆದು ತೆಗೆದ ಮುಷ್ಟಿಮಲ್ಲನ ಕಂಚಿನ ವಿಗ್ರಹವಿದೆ. ದಣಿದು ಕುಳಿತ ಆ ಗ್ರೀಕ್ ಮಲ್ಲನ ಕಿವಿಗಳು ನಮ್ಮ ಪೈಲ್ವಾನರ ಕಿವಿಗಳಂತೆಯೇ ಊದಿವೆ. ಆ ಗ್ರೀಕರಲ್ಲಿಯೇ ಅಭ್ಯಾಸದ ವೇಳೆ ಧರಿಸುವ ಕಿವಿಗವಚವೂ ಇತ್ತು. ಪ್ಲೇಟೋವಿನ ಶಿಷ್ಯ ಕ್ಸೆನೋಕ್ರಟೀಸ್ ಹೇಳಿದ್ದೊಂದನ್ನು ಪ್ಲುಟಾರ್ಕ್ ಬರೆದಿಟ್ಟಿದ್ದಾನೆ: ಮಲ್ಲರಿಗಿಂತ ಮಕ್ಕಳಿಗೇ ಕಿವಿಗವಚ ಹೆಚ್ಚು ಬೇಕು, ಏಕೆಂದರೆ ಪೆಟ್ಟಿನಿಂದ ಮಲ್ಲರ ಕಿವಿ ಕೆಟ್ಟರೆ ಕೆಟ್ಟ ಮಾತಿನಿಂದ ಮಕ್ಕಳ ಶೀಲ ಕೆಡುತ್ತದೆ ಎಂಬುದು ಅದರ ಸಾರ. ನಮ್ಮ ಗರಡಿಯ ಹುಡುಗ ಮಗುವೂ ಹೌದು, ಮಲ್ಲನೂ ಹೌದು. ಅವನಿಗೆ ಎರಡು ಕೆಡುಕುಗಳೂ ಒಟ್ಟಿಗೆ ಒದಗಿವೆ. ಕಿವಿ ಮುರಿಯದವನು ಪೈಲ್ವಾನನಲ್ಲವೆಂಬ ಮಾತು ಮೊದಲು ಕಿವಿಗೆ ಬೀಳುತ್ತದೆ; ಪೆಟ್ಟು ಆಮೇಲೆ ಬೀಳುತ್ತದೆ. ಬೇಗ ಮುರಿಯಲೆಂದು ತಾವೇ ಕಿವಿಯನ್ನು ಉಜ್ಜಿಕೊಳ್ಳುವ ಹುಡುಗರೂ ಉಂಟೆಂದು ಆ ನನ್ನ ವಿದ್ಯಾರ್ಥಿಯೇ ಹೇಳಿದ.

ಇಪ್ಪತ್ತೈದರ ಪೈಲ್ವಾನ ತಿಳಿದೂ ತಿಳಿದೂ ತನ್ನ ಕಿವಿಯನ್ನು ಮಣ್ಣಿಗೆ ಕೊಟ್ಟರೆ ಅದು ಅವನ ಇಷ್ಟ, ನನ್ನ ತಕರಾರಿಲ್ಲ. ಹದಿನೆಂಟು ತುಂಬದವರಿಗೆ ಆ ಆಯ್ಕೆಯನ್ನು ನಾವು ಮಾಡಬೇಕು, ಸಿಳ್ಳೆ ಹಾಕುವವರಲ್ಲ. ನಾಡಕುಸ್ತಿಯಿರಲಿ, ಪಾಯಿಂಟ್ ಕುಸ್ತಿಯಿರಲಿ, ಹುಡುಗ ಹುಡುಗಿಯರ ಜೋಡಿ ಕಟ್ಟುವಾಗ ತೂಕ ನೋಡುವಂತೆ ಕಿವಿಯ ಕವಚವನ್ನೂ ನೋಡಲಿ. ಪಂದ್ಯಕ್ಕಿಂತ ಮುಖ್ಯವಾಗಿ ದಿನದ ಅಭ್ಯಾಸದಲ್ಲಿ ಅದಿರಲಿ. ಜಾತ್ರೆಯ ಕುಸ್ತಿ ವರ್ಷಕ್ಕೆ ನಾಲ್ಕಾರು ಸಲ. ಗರಡಿಯ ಉಜ್ಜಾಟ ದಿನವೂ ಉಂಟು. ಕಿವಿ ಊದಿದ ದಿನವೇ ಆಸ್ಪತ್ರೆಗೆ ಕಳಿಸುವುದು ಉಸ್ತಾದರ ಹೊಣೆಯಾಗಲಿ. ಮಗನಂತೆ ಸಾಕಿ ಕಲಿಸುವ ಉಸ್ತಾದರು ನಮ್ಮಲ್ಲಿ ಬೇಕಾದಷ್ಟು ಮಂದಿ ಇದ್ದಾರೆ. ಅವರು ಒಂದು ಮಾತು ಆಡಿದರೆ ನನ್ನಂಥವರ ನೂರು ಲೇಖನಗಳ ಕೆಲಸವಾಗುತ್ತದೆ.

ಮುಂದಿನ ವರ್ಷವೂ ಆ ಜಾತ್ರೆಗೆ ಹೋಗುತ್ತೇನೆ. ಆ ಹುಡುಗನ ಎಡಗಿವಿಗೆ ಈಗ ಯಾವ ಕವಚವೂ ಪ್ರಯೋಜನವಿಲ್ಲ. ಬಲಗಿವಿ ಇನ್ನೂ ನೆಟ್ಟಗಿದೆ. ಪಂಚರು ಅದನ್ನಾದರೂ ಉಳಿಸಿಕೊಡಲಿ.